ರಂಗವ್ವನ ಕವಳಿ ಬೇಲಿ

ಬಾದಾಮಿಯ ಕೆಂಪು ಗುಡ್ಡದ ಬುಡದಲ್ಲಿ ರಂಗವ್ವನ ಅರ್ಧ ಎಕರೆ ಬದನೆ, ಉಳ್ಳಾಗಡ್ಡಿಯ ತೋಟ. ಅದಕ್ಕೆ ದೊಡ್ಡ ಶತ್ರುಗಳೆಂದರೆ ಅವಳ ಗಂಡ ಹನಮಂತಪ್ಪ ಮೇಯಿಸುವ ಆಡುಗಳೇ. ಆಡು ಅವನವು, ಬೇಲಿ ಅವಳದು. ಮದುವೆಯಾದ ವರ್ಷವೇ ಹೀಗೆ ಪಾಲಾಗಿತ್ತು, ಅವಳನ್ನು ಯಾರೂ ಕೇಳಿರಲಿಲ್ಲ.

ಪ್ರತಿ ಬೇಸಿಗೆ ಹದಿನೈದು ದಿನ ರಂಗವ್ವ ಜಾಲಿಕಂಟಿ ಕಡಿದು, ಎಳೆದು ತಂದು ತೋಟದ ಸುತ್ತ ಒಡ್ಡುತ್ತಿದ್ದಳು. ವರ್ಷ ತುಂಬುವುದರೊಳಗೆ ಗೆದ್ದಲು ಅದನ್ನು ಮುಗಿಸಿರುತ್ತಿತ್ತು. ರೇಷನ್ ಕಾರ್ಡಿಗೆ ಬರೆಸುವಾಗ ಹನಮಂತಪ್ಪ, "ಆಕಿ ಮನ್ಯಾಗ ಇರ್ತಾಳ್ರಿ, ಏನೂ ಮಾಡಂಗಿಲ್ಲ" ಅಂದಿದ್ದ. ಏನೂ ಮಾಡದ ರಂಗವ್ವ ಆಗ ಪಕ್ಕದಲ್ಲೇ ಕೂತು ಅಂಗಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದಳು. ಆ ಹದಿನೈದು ದಿನ ತನ್ನ ಕೈಗೆ ಬರಬೇಕೆಂಬುದೊಂದೇ ಅವಳ ಆಸೆ. ಇಳಕಲ್‌ನಲ್ಲಿದ್ದ ಮಗಳು ಜಯಶ್ರೀಯ ಮನೆಯಲ್ಲಿ ಅವಳು ಎರಡು ರಾತ್ರಿ ಉಳಿದದ್ದೇ ಇಲ್ಲ.

೧೯೯೮ರ ಬೇಸಿಗೆಯಲ್ಲಿ ಗುಡ್ಡದ ಮೇಲೆ ಕವಳಿಹಣ್ಣು ಬಿಡಿಸುವಾಗ ಒಂದು ಆಡು ಆ ಮುಳ್ಳುಕಂಟಿಗೆ ಬಾಯಿ ಹಾಕಿ, ಮೂತಿ ಚುಚ್ಚಿಸಿಕೊಂಡು ಓಡಿದ್ದನ್ನು ಕಂಡಳು. ಬಂಡೆಯ ಸೀಳಿನಲ್ಲಿ ಯಾರೂ ನೀರು ಹಾಕದೆ ಬೆಳೆದ ಕಂಟಿ. ಇದನ್ನೇ ತೋಟದ ಸುತ್ತ ಹಚ್ಚಿದರೆ?

ಹನಮಂತಪ್ಪ ನಕ್ಕ. "ಕವಳಿ ಯಾರರ ಹಚ್ಚತಾರೇನು? ನಾಳಿ ಕಲ್ಲೂ ಬಿತ್ತತೀ ನೀ."

"ಬಿತ್ತಿದ್ರ ನೀವೇನು ಹೊತ್ತು ತರ್ತೀರಿ? ಒಂದು ಕಂಟಿ ಎಳದು ತಂದವರಲ್ಲ."

ಬೀಜ ಕಾಯ್ದಿಡುವುದರಲ್ಲಿ ರಂಗವ್ವನ ಕೈ ಊರಿಗೇ ಗೊತ್ತು. ಕವಳಿ ಬೀಜವನ್ನೂ ಜೋಳದ ಬೀಜದಂತೆಯೇ ಎಂಟು ದಿನ ಬಿಸಿಲಿಗೆ ಒಣಗಿಸಿ, ಬೂದಿ ಕಲಸಿ, ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿಟ್ಟಳು. ಮರುವರ್ಷ ಮೊದಲ ಮಳೆಗೆ ಊರಿದಳು. ಒಂದೂ ಮೂಡಲಿಲ್ಲ.

ಆ ಮಳೆಗಾಲದಲ್ಲೇ ಬಚ್ಚಲ ಹೊರಗೆ ಪಾತ್ರೆ ತಿಕ್ಕುತ್ತಿದ್ದವಳಿಗೆ ಮೋರಿಯ ಪಕ್ಕದಲ್ಲಿ ಎರಡೆರಡು ಎಲೆಯ ಪುಟ್ಟ ಸಸಿಗಳು ಕಂಡವು.

"ಅತ್ತಿ, ಇಲ್ಲೇನು ಹಚ್ಚೀರಿ?"

"ನಾ ಏನು ಹಚ್ಚಲೆ? ಕವಳಿಹಣ್ಣು ತಿಂದು ಬೀಜ ಉಗುಳೀನಿ, ಅಷ್ಟ," ಅಂದಳು ಅತ್ತೆ ಹನಮವ್ವ.

ರಂಗವ್ವ ಕೈಯಲ್ಲಿದ್ದ ತಟ್ಟೆ ಬಿಟ್ಟಳು. ಒಣಗಿದರೆ ಕವಳಿ ಬೀಜ ಸಾಯುತ್ತದೆ! ಇಷ್ಟು ಜತನದಿಂದ ಅದನ್ನು ಕೊಂದವಳು ತಾನೇ.

ಮರುವರ್ಷ ಹಣ್ಣು ಹಿಸುಕಿದ ದಿನವೇ ಖಾಲಿ ಹಾಲಿನ ಪಾಕೀಟುಗಳಲ್ಲಿ ಹಸಿಬೀಜ ಊರಿದಳು. ಮೇಲೆ ಇನ್ನೊಂದು ವರ್ಷಕ್ಕೆ ಸಸಿಗಳು ತೋಟದಂಚಿಗೆ ಇಳಿದವು. ಆದರೆ ಎಳೆಯ ಕವಳಿಗೆ ಮುಳ್ಳು ಬಲಿತಿರುವುದಿಲ್ಲ, ಆಡಿಗೆ ಅದು ಹಬ್ಬದೂಟ. ಹಾಗಾಗಿ ಜಾಲಿಕಂಟಿ ಎಳೆಯುವುದು ತಪ್ಪಲಿಲ್ಲ. ಮೊದಲು ಒಂದು ಸುತ್ತು ಇದ್ದದ್ದು ಈಗ ಸಸಿಗಳ ಆಚೆಗೊಂದು, ಈಚೆಗೊಂದು.

"ಬೇಲಿಗೆ ಬೇಲಿ ಹಾಕೀದಿ, ಈ ಬೇಲಿಗೆ ಯಾರು?" ಪಕ್ಕದ ಹೊಲದ ಪದ್ಮವ್ವ ಕಾಡಿದಳು.

"ನೀ ಬಂದು ನಿಂದರವಾ, ನಿನ್ನ ಬಾಯಿ ಸಾಕು."

ಮೂರು ಬೇಸಿಗೆ ಹೀಗೇ ಹೋದವು. ನಾಲ್ಕನೆಯದರಲ್ಲಿ ರಂಗವ್ವ ಜಾಲಿಕಂಟಿ ಒಡ್ಡಲಿಲ್ಲ. ಹಿಂಡಿನ ದೊಡ್ಡ ಹೋತ ಕವಳಿಗೆ ತಲೆ ತೂರಿಸಿ, ಮೋರೆ ಕೊಡವುತ್ತ ಹಿಂದೆ ಸರಿಯಿತು.

"ನಮ್ಮ ಬೇಲಿ ಗಟ್ಟಿ ಆತು ನೋಡು," ಅಂದ ಹನಮಂತಪ್ಪ.

ಆ 'ನಮ್ಮ' ಎಂಬುದನ್ನು ರಂಗವ್ವ ಕೇಳಿಸಿಕೊಂಡಳು, ಬಿಟ್ಟಳು. ಮರುದಿನ ಬೆಳಿಗ್ಗೆ ಒಳ್ಳೆಯ ಸೀರೆಯುಟ್ಟು ಕೈಚೀಲ ಹಿಡಿದು ಹೊರಬಂದಳು.

"ಎಲ್ಲಿಗಿ?"

"ಇಳಕಲ್ಲಿಗೆ. ಹದಿನೈದು ದಿನ."

"ಅಲ್ಲೇನು ಕೆಲಸ ಐತಿ?"

"ಏನೂ ಇಲ್ಲ."

"ಮತ್ತ ಇಲ್ಲಿ ರೊಟ್ಟಿ ಯಾರು ಬಡೀಬೇಕು?"

ರಂಗವ್ವ ಉತ್ತರಿಸುವ ಮೊದಲೇ ಕಟ್ಟೆಯ ಮೇಲಿನ ಹನಮವ್ವ ಎದ್ದಳು. "ಹಿಟ್ಟು ಡಬ್ಬ್ಯಾಗ ಐತಿ. ಕೈ ತೊಳಕೊಂಡು ಬಾರೋ ಮಗನ, ನಾ ಹೇಳತೇನಿ, ನೀ ಬಡಿ. ರಂಗವ್ವ, ನೀ ನಡಿ, ಬಸ್ಸು ಹೋದೀತು."