ಎದೆಗುಳಿಯಲ್ಲಿ ಮಲಗಿದವಳು

ಹಾಸಿಗೆ ಹೊಲಿಯುವ ಆ ಮನುಷ್ಯನನ್ನು ಬೀದಿಯವರೆಲ್ಲ ಬೋಗುಣಿ ಅಂತಲೇ ಕರೆಯುತ್ತಿದ್ದರು. ಹುಟ್ಟಿದಾಗಿನಿಂದ ಅವನ ಎದೆಯ ನಡುವೆ ಅಂಗೈಯಗಲದ ಗುಳಿ. ಅಂಗಿ ಬಿಚ್ಚಿ ಹತ್ತಿ ತುಂಬುವಾಗ, ಇದರಲ್ಲಿ ಒಂದು ಲೋಟ ನೀರು ಹಿಡಿಯುತ್ತೆ ನೋಡಿ ಅಂತ ತಾನೇ ಮೊದಲು ನಗೆಯಾಡಿ ಬೇರೆಯವರ ಬಾಯಿ ಮುಚ್ಚಿಸುತ್ತಿದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರೆ, ಸಾಲದಿದ್ದರೆ ಹೇಳಿ, ಉದ್ದ ಮಾಡಿಕೊಡ್ತೀನಿ ಅನ್ನುವ ಆಸಾಮಿ. ತಲೆ ನೆರೆಯುವವರೆಗೂ ಆ ಗುಳಿ ಅವನಿಗೆ ನೋವು ಕೊಟ್ಟಿರಲಿಲ್ಲ.

ಅದಕ್ಕೊಂದು ಉಪಯೋಗವೂ ಇತ್ತು. ಒಬ್ಬಳೇ ಮಗಳು ಕೂಸಾಗಿದ್ದಾಗ ತೊಟ್ಟಿಲಿಗೆ ಹಾಕಿದರೆ ಕಿರುಚುತ್ತಿದ್ದಳು. ಅಪ್ಪನ ಎದೆಗುಳಿಯಲ್ಲಿ ತಲೆಯಿಟ್ಟರೆ ಥಟ್ಟನೆ ನಿದ್ದೆ. ವರ್ಷ ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು, ಪಾಪ. ಆಮೇಲೆ ಗಂಡ ಹೆಂಡತಿ ಅವಳ ಮಾತೇ ಎತ್ತಲಿಲ್ಲ.

ಈಗ, ಇಷ್ಟು ಕಾಲದ ಮೇಲೆ, ಮಧ್ಯಾಹ್ನ ಅಂಗಡಿಯಲ್ಲಿ ಅಡ್ಡಾದರೆ ಗುಳಿಯಲ್ಲಿ ನೋವು. ಚುಚ್ಚುವ ನೋವಲ್ಲ, ಭಾರ. ಎಡಕ್ಕೆ ವಾಲಿದ, ದುಂಡನೆಯ ಭಾರ. ಹಳೆಯ ಹಾಸಿಗೆಯ ತಗ್ಗು ನೋಡಿ ಯಾರು ಯಾವ ಮಗ್ಗುಲಾಗಿ ಮಲಗುತ್ತಾರೆಂದು ಹೇಳಬಲ್ಲವನಿಗೆ ಇದು ಗೊತ್ತಾಗದೇ? ಎದ್ದು ನೋಡಿದರೆ ಗುಳಿಯಲ್ಲಿ ಜೊಲ್ಲಿನಷ್ಟು ತೇವ. ಬೆವರಿರಬೇಕು ಎಂದುಕೊಂಡ. ಹೊರಗೆ ಚಳಿ ಕೊರೆಯುತ್ತಿತ್ತು.

ಒಳಕ್ಕೆ ಬಾಗಿದ ಮೂಳೆ ಗುಂಡಿಗೆಯನ್ನು ಒತ್ತುತ್ತಿದೆ, ಆಪರೇಷನ್ ಮಾಡಿ ಕಂಬಿ ಹಾಕಿ ಎತ್ತದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಬೋಗುಣಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೆಂಡತಿ ಅತ್ತಳು, ಬೈದಳು, ಊಟ ಬಿಟ್ಟಳು. ಕೊನೆಗೆ ಅವನು ಬಾಯಿ ಬಿಟ್ಟ.

“ಗುಳಿ ಮುಚ್ಚಿಹೋದ್ರೆ ಅವಳು ಎಲ್ಲಿ ಮಲಗ್ತಾಳೆ?”

ಯಾರು ಎಂದು ಹೆಂಡತಿ ಕೇಳಲಿಲ್ಲ. ನಿಮಗೇನು ತಲೆ ಕೆಟ್ಟಿದೆಯಾ ಎಂದೂ ಅನ್ನಲಿಲ್ಲ. ಹತ್ತಿರ ಬಂದು ಗುಳಿಯ ಮೇಲೆ ಕೈಯಿಟ್ಟಳು. ಚರ್ಮಕ್ಕೆ ಅಂಗೈ ಮುಟ್ಟಲೇ ಇಲ್ಲ. ನಡುವೆ ಏನೋ ಬೆಚ್ಚಗಿತ್ತು. ಬೆರಳಿಗೆ ಸಣ್ಣ ಉಸಿರು ತಾಗಿತು. ಆದರೂ ಕೈ ತೆಗೆಯಲಿಲ್ಲ. ಹೆತ್ತವಳಲ್ಲವೇ.

“ನೀವೊಬ್ರೇ ಎಷ್ಟು ದಿನಾಂತ ಮಲಗಿಸ್ಕೋತೀರಿ? ನನಗೆ ಕೊಡಿ,” ಎಂದಳು. “ಮೆಲ್ಲಗೆ. ಎಚ್ಚರ ಆದೀತು.”

ಅವನು ಎದೆಯ ಮೇಲಿಂದ ಎರಡೂ ಕೈಯಲ್ಲಿ ಎತ್ತಿ ಅವಳ ಹೆಗಲಿಗೆ ಹಾಕಿದ. ಮಾರನೆಯ ದಿನ ಇಬ್ಬರೂ ಆಸ್ಪತ್ರೆಗೆ ಹೊರಟರು. ನೋಯುವ ಎದೆಯನ್ನು ಹೊತ್ತು ಬೋಗುಣಿಯೇ ಚೀಲ ಹಿಡಿದ, ಅವನೇ ಬಾಗಿಲಿಗೆ ಬೀಗ ಹಾಕಿದ. ಹೆಂಡತಿಗೆ ಕೈ ಬಿಡುವಿರಲಿಲ್ಲ.