ಎದ್ದು ನಡೆಯದವರ ಸಾಕ್ಷಿ

ಸಾಕ್ಷಿ ಹೇಳುವ ಹೊತ್ತು ಬಂತೆಂದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಚಿಕ್ಕೋಡಿಯಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲಿನ ಬಾಡಿಗೆ ಹಾಲ್‌ನಲ್ಲಿ ನಮ್ಮ ಪ್ರಾರ್ಥನಾ ಸಭೆ ಸೇರುತ್ತಿತ್ತು. ಹಾಡು ಮುಗಿದ ಮೇಲೆ ಒಬ್ಬೊಬ್ಬರೇ ಮೈಕಿನ ಮುಂದೆ ನಿಂತು ಯೇಸು ತಮಗೆ ಏನು ಮಾಡಿದ ಎಂದು ಹೇಳಬೇಕು. ಎಲ್ಲರ ಬಾಯಲ್ಲೂ ಮನಶ್ಶಾಂತಿಯ ಮಾತು. ಆದರೆ ಆ ಶಾಂತಿ ಬರಿಗೈಯಲ್ಲಿ ಬಂದದ್ದನ್ನು ನಾನು ಕಾಣೆ. ಒಬ್ಬನಿಗೆ ಬೋರ್‌ವೆಲ್ಲಿನ ನೀರಿನ ಜೊತೆ ಬಂತು, ಒಬ್ಬಳಿಗೆ ಮಗನ ನೌಕರಿಯ ಜೊತೆ. ಸಕ್ಕರೆ ಕಾರ್ಖಾನೆಯ ಮಹಾಶಯನೊಬ್ಬನಿಗಂತೂ ಹೊಸ ಮೋಟರ್‌ಸೈಕಲ್ ಏರಿಕೊಂಡು ಬಂತು. ಗಾಡಿ ಕಳುವಾದರೆ ಇವನ ಶಾಂತಿಯೂ ಪೊಲೀಸ್ ಠಾಣೆಗೆ ಹೋಗುತ್ತದೇನೋ ಎಂದು ನಾನು ಹಿಂದಿನ ಸಾಲಿನಲ್ಲಿ ಕೂತು ಮೂಗು ಮುರಿಯುತ್ತಿದ್ದೆ.

ನನ್ನದು ಸದಲಗಾದಲ್ಲಿ ಹಿಟ್ಟಿನ ಗಿರಣಿ. ಮೊದಲು ನಡೆಸುತ್ತಿದ್ದವರು ನನ್ನ ಗಂಡ. ಲಕ್ವಾ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋದ ಮೇಲೆ ನಾನೇ ನಿಂತೆ. ಅವರನ್ನು ತೊಳೆದು, ಉಣಿಸಿ, ಮಲಗಿಸಿ ಬಂದು ಗಿರಣಿ ಚಾಲೂ ಮಾಡುತ್ತಿದ್ದೆ. ಮೈಯ ದಣಿವನ್ನು ಹೇಗೋ ತಡೆಯಬಹುದು. ಅವರ ಕಾಲು ಕೊಡು, ಅವರ ಕಾಲು ಕೊಡು ಎಂದು ಒಳಗೊಳಗೇ ಬೇಡುವ ದಣಿವು ಮಾತ್ರ ನನ್ನನ್ನು ಹಿಂಡಿಹಾಕಿತ್ತು. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಸಭೆಯ ಹಿರಿಯ ಹೆಂಗಸೊಬ್ಬಳು, ಎಲ್ಲರೂ ಅಕ್ಕ ಎಂದು ಕರೆಯುವವಳು, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಆಗಲೇ.

ಒಂದು ಭಾನುವಾರ ಮಿರಜ ಕಡೆಯ ಪಾಸ್ಟರೊಬ್ಬರನ್ನು ಅಕ್ಕ ನಮ್ಮ ಮನೆಗೆ ಕರೆತಂದಳು. ಹಿಂದೆ ಒಂದು ದಂಡೇ ಬಂತು. ಗಂಡನ ಕಾಲಿಗೆ ಎಣ್ಣೆ ಹಚ್ಚಿ ಎಲ್ಲರೂ ಗಂಟಲು ಹರಿಯುವಂತೆ ಪ್ರಾರ್ಥನೆ ಮಾಡಿದರು. ಯೇಸುವಿಗೆ ಕಿವಿ ಕೇಳುವುದಿಲ್ಲವೆಂದು ಇವರಿಗೆ ಹೇಳಿದವರು ಯಾರೋ.

"ವಿಶ್ವಾಸ ಠೇವಾ, ದಾದಾ. ವಿಶ್ವಾಸ ಇಡ್ರಿ. ಏಳ್ರಿ, ಎದ್ದ ನಡೀರಿ," ಎಂದರು ಪಾಸ್ಟರು.

ಇಬ್ಬರು ಗಂಡಸರು ನನ್ನ ಗಂಡನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿ, ಕೈ ಬಿಟ್ಟರು. ಅವರು ಬಿದ್ದರು. ಮಂಚದ ಅಂಚು ಹಣೆಗೆ ಬಡಿದು ರಕ್ತ ಬಂತು. ಪಾಸ್ಟರು ಬಿದ್ದವರನ್ನು ನೋಡದೆ ಸುತ್ತಲೂ ಕಣ್ಣು ಹಾಯಿಸಿ, "ಈ ಮನ್ಯಾಗ ಯಾರದೋ ವಿಶ್ವಾಸ ಕಮ್ಮಿ ಐತಿ," ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ನಾನು ಮಾಡಿದ ಚಹಾ ಕುಡಿದು, ಸಕ್ಕರೆ ಸ್ವಲ್ಪ ಕಡಿಮೆಯಾಯಿತು ಎಂದು ಹೇಳಿ ಹೋದರು. ಮೈಯೆಲ್ಲ ಉರಿದುಹೋಯಿತು.

ಅದೇ ವಾರ ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ಕಟ್ಟೆಯ ಮೇಲೆ ಕೂತು ಎಂದಿನಂತೆ ಬೇಡಲು ಹೋದೆ. ಬೇಡಲು ಮನಸ್ಸೇ ಬರಲಿಲ್ಲ. "ಯೇಸಪ್ಪಾ, ನನಗ ಸಾಕಾತು. ಇವರು ಏಳದಿದ್ರ ಬ್ಯಾಡ. ನೀ ಅಷ್ಟ ನಮ್ಮ ಕೂಡ ಇರು," ಎಂದೆ. ತಲೆಯ ಮೇಲಿನ ಜೋಳದ ಬುಟ್ಟಿಯನ್ನು ಯಾರೋ ಎರಡು ಕೈ ಹಚ್ಚಿ ಇಳಿಸಿಕೊಂಡಂತಾಯಿತು. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ನಮ್ಮ ಸಭೆಯವರಾದರೆ ಇಷ್ಟೇನಾ ಎಂದು ಕೇಳಿಯಾರು. ಯೇಸು ನನ್ನ ಪಕ್ಕದಲ್ಲಿದ್ದ, ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ. ನಾನು ಅಲ್ಲಿಯೇ ಕೂತು ಅತ್ತೆ. ಅವತ್ತು ರಾತ್ರಿ ಮೈಮರೆತು ಮಲಗಿದೆ.

ನನ್ನ ಮುಖ ಗೆಲುವಾದದ್ದನ್ನು ನೋಡಿ ಅಕ್ಕ ತನಗೆ ಬೇಕಾದ ಅರ್ಥ ಮಾಡಿಕೊಂಡಳು. ಪಾಸ್ಟರು ಮತ್ತೆ ಬಂದ ಭಾನುವಾರ, ಇವತ್ತು ನನ್ನ ಸಾಕ್ಷಿ ಇದೆ ಎಂದು ಮೈಕಿನಲ್ಲೇ ಹೇಳಿಬಿಟ್ಟಳು. ಗಂಡ ಇದ್ದಂತೆಯೇ ಇದ್ದಾರೆ ಎಂದು ನಾನು ಅವಳ ಕಿವಿಯಲ್ಲಿ ಹೇಳಿದರೂ ಬಿಡಲಿಲ್ಲ.

"ಕಾಲ ಸ್ವಲ್ಪ ಅಳ್ಳಾಡಾಕತ್ತೈತಿ ಅಂತಾದ್ರೂ ಹೇಳ, ತಂಗಿ. ಪಾಸ್ಟರ್ರು ಅಷ್ಟು ದೂರದಿಂದ ಬಂದಾರ."

ಒಂದು ಸುಳ್ಳು. ಹೇಳಿದರೆ ಸಭೆಯಲ್ಲಿ ನನಗೆ ಮುಂದಿನ ಸಾಲು. ಹೇಳಿದರೆ ಈ ದಂಡು ಸಂಜೆಯೊಳಗೆ ನಮ್ಮ ಮನೆಗೆ ಬಂದು ಗಂಡನನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ, ಮತ್ತೆ ಕೈ ಬಿಡುತ್ತದೆ. ಕಟ್ಟೆಯ ಮೇಲೆ ನನಗೆ ಸಿಕ್ಕಿದ್ದೂ ಆ ಸುಳ್ಳಿನ ಜೊತೆ ಹೋಗುತ್ತದೆ ಎಂದು ಹೆದರಿಕೆಯಾಯಿತು.

"ನಮ್ಮ ಮನಿಯವರು ಎದ್ದಿಲ್ಲ್ರಿ," ಎಂದೆ ಮೈಕಿನಲ್ಲಿ. "ಏಳ್ತಾರಂತ ನಾ ಕಾಯಾಕತ್ತೂ ಇಲ್ಲ. ಯೇಸು ನಮ್ಮ ಮನ್ಯಾಗ ಅದಾನ. ನನಗ ನಿದ್ದಿ ಬರಾಕತ್ತೈತಿ. ಅಷ್ಟ ನನ್ನ ಸಾಕ್ಷಿ."

ಹಾಡಿಗೆ ಕೀಬೋರ್ಡ್ ನುಡಿಸುವವನು ಎತ್ತಿದ ಬೆರಳುಗಳನ್ನು ಹಾಗೆಯೇ ಕೆಳಗಿಳಿಸಿದ. ಒಬ್ಬರೂ ಹಲ್ಲೆಲೂಯಾ ಎನ್ನಲಿಲ್ಲ. ಸೈತಾನ ಹೇಗೆ ಬಾಯಿ ಕಟ್ಟುತ್ತಾನೆ ಎಂದು ಪಾಸ್ಟರು ಶುರು ಮಾಡಿದರು. ಮೋಟರ್‌ಸೈಕಲ್ಲಿನ ಮಹಾಶಯ ನನ್ನನ್ನು ಹುಳುವನ್ನು ನೋಡುವಂತೆ ನೋಡಿದ. ನನಗೆ ನಗು ಬಂತು. ಮೆಟ್ಟಿಲಿಳಿದು ಬಸ್ ಹತ್ತಿದೆ.

ಮನೆಗೆ ಬಂದರೆ ಗಂಡ ಬಾಗಿಲ ಕಡೆಯೇ ಕಣ್ಣಿಟ್ಟುಕೊಂಡು ಮಲಗಿದ್ದರು. ಲಕ್ವಾದಿಂದ ಅವರ ಮಾತು ತೊದಲುತ್ತದೆ.

"ಅವರೂ ಬಂದಾರೇನ?" ಎಂದರು.

"ಇಲ್ಲ್ರಿ. ನೀವು ಎದ್ದಿಲ್ಲಂತ ಎಲ್ಲಾರ ಮುಂದ ಹೇಳಿ ಬಂದೀನಿ. ಇನ್ನ ಅವರು ಬರೂದಿಲ್ಲ."

ಅವರು ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡರು.

"ರವಿವಾರ ಬಂದ್ರ ಅಂಜಿಕಿ ಬರ್ತಿತ್ತು," ಎಂದರು.