ಮಲ್ಲಿಗೆ ಹೆಲ್ಮೆಟ್ಟಿಗೆ ಇಟ್ಟ ಕುಂಕುಮ

ಆಯುಧಪೂಜೆಯ ದಿನ ಮಧ್ಯಾಹ್ನ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ. ಮಿಕ್ಸಿಯಲ್ಲಿ ತಿರುವಿದರೆ ನಮ್ಮ ಮನೆಯವರಿಗೆ ರುಚಿಸುವುದಿಲ್ಲ, ಒರಳಿನಲ್ಲೇ ಆಗಬೇಕು. ನಡುಮನೆಯಲ್ಲಿ ನಾದಿನಿಯ ಫೋನು ಹೊಡೆದುಕೊಂಡಿತು. ಮಾತು ಮುಗಿಸಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

“ಅತ್ತಿಗೆ, ಆ ನರ್ಸಮ್ಮ ನಾಳೆ ಊರಿಗೆ ಹೋಗ್ತಾರಂತೆ. ಸೋಮವಾರದ ಬದ್ಲು ಇವತ್ತೇ ನಾಕು ಗಂಟೆಗೆ ಅಂಗಡಿಗೆ ಬಂದು ನೋಡ್ತಾರಂತೆ.”

“ಒಳ್ಳೇದೇ ಆಯ್ತು ಬಿಡೇ. ಹಬ್ಬದ ದಿನ.”

“ಹೆಲ್ಮೆಟ್ಟಿನ ಮೆರುಗು ಇನ್ನೂ ಹಸಿ. ಸರಿ, ನೋಡಕ್ಕೆ ತಾನೆ,” ಎಂದು ಅವಳು ತಾರಸಿಯ ಮೆಟ್ಟಿಲು ಹತ್ತಿದಳು. ನಾನು ನೆಮ್ಮದಿಯಾಗಿ ರುಬ್ಬುಗುಂಡು ತಿರುಗಿಸಿದೆ.

ಅವಳು ನಮ್ಮ ಮನೆಯವರ ತಂಗಿ. ಗಂಡನ ಮನೆ ಬೇಡವೆಂದು ನಮ್ಮಲ್ಲಿಗೆ ಬಂದು ಆರು ವರ್ಷವಾಯಿತು. ಒಮ್ಮೆ ತನ್ನ ಹಳೆಯ ಹೆಲ್ಮೆಟ್ಟಿನ ಗೀರು ಮುಚ್ಚಲು ಉಗುರಿನ ಬಣ್ಣದಲ್ಲಿ ಒಂದು ಬಳ್ಳಿ ಬರೆದಳು. ಅಲ್ಲಿಂದ ಹತ್ತಿದ ಹುಚ್ಚು. ಹೇಳಿಕೊಟ್ಟವರು ಯಾರೂ ಇಲ್ಲ. ಫೋನಿನಲ್ಲಿ ನೋಡುವುದು, ಬರೆಯುವುದು, ಉಜ್ಜಿ ಅಳಿಸುವುದು, ಮತ್ತೆ ಬರೆಯುವುದು. ಈಗ ಹುಲಿ, ನವಿಲು, ಮಕ್ಕಳ ಮುಖ, ಸತ್ತ ನಾಯಿಯ ಮುಖ, ಯಾರಿಗೆ ಏನು ಬೇಕೋ ಅದನ್ನು ಹೆಲ್ಮೆಟ್ಟಿನ ಮೇಲೆ ಬರೆದುಕೊಡುತ್ತಾಳೆ. ಕೈ ಚೆನ್ನಾಗಿದೆ, ಅದನ್ನು ಇಲ್ಲವೆನ್ನಲಾರೆ. ಆದರೆ ಮನೆ ನನ್ನದು. ಹಪ್ಪಳ ಒಣಗಿಸುವ ಜಾಗದಲ್ಲಿ ಹೆಲ್ಮೆಟ್ಟು. ನನ್ನ ಹಿತ್ತಾಳೆ ಬಿಂದಿಗೆ ಬೋರಲು ಬಿದ್ದು ಅದರ ಮೇಲೊಂದು ಹೆಲ್ಮೆಟ್ಟು. ಸ್ನಾನ ಮಾಡಿ ದೇವರ ಮುಂದೆ ಕೂತರೆ ಊದುಬತ್ತಿಯ ವಾಸನೆಗಿಂತ ಮೊದಲು ಬಣ್ಣದ ವಾಸನೆ. ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಅಂಥದ್ದರಲ್ಲಿ ಬೆಟ್ಟದ ತಾಯಿ ಕಣ್ಣು ಬಿಟ್ಟಳು ಅಂದುಕೊಂಡಿದ್ದೆ. ಲಷ್ಕರ್ ಮೊಹಲ್ಲಾದಲ್ಲಿ ಹೆಲ್ಮೆಟ್ಟು ಮಾರುವ ಅಂಗಡಿಯೊಂದರ ಯಜಮಾನರು ಅವಳಿಗೆ ಒಂದು ಮಾತು ಕೊಟ್ಟಿದ್ದರು. ತಮ್ಮ ಗಿರಾಕಿಯೊಬ್ಬರಿಗೆ ಒಂದು ಹೆಲ್ಮೆಟ್ಟು ಬರೆದುಕೊಡಬೇಕು. ಅವರು ಒಪ್ಪಿದರೆ ಅಂಗಡಿಯ ಕಿಟಕಿ ಪಕ್ಕದಲ್ಲೇ ಒಂದು ಮೇಜು ಅವಳದು, ಅಲ್ಲೇ ಕೂತು ಬರೆಯಬಹುದು. ನಾಲ್ಕು ಜನ ನೋಡುವ ಕಡೆ ಕೂತು ಕೆಲಸ ಮಾಡಬೇಕೆಂಬುದು ಅವಳ ಆಸೆ. ನನ್ನ ತಾರಸಿ ನನಗೆ ಸಿಗಲಿ ಎಂಬುದು ನನ್ನ ಆಸೆ.

ಆ ಗಿರಾಕಿಯೇ ಈ ನರ್ಸಮ್ಮ. ಮಂಡಕಳ್ಳಿಯಿಂದ ದಿನಾ ಸ್ಕೂಟರಿನಲ್ಲಿ ಆಸ್ಪತ್ರೆಗೆ ಬರುತ್ತಾರೆ. ಮುಡಿದ ಹೂವೆಲ್ಲ ಹೆಲ್ಮೆಟ್ಟಿನೊಳಗೆ ಅಪ್ಪಚ್ಚಿಯಾಗುತ್ತದೆ, ಹೂ ಮುಡಿಯುವುದನ್ನೇ ಬಿಟ್ಟಿದ್ದೇನೆ, ಹೆಲ್ಮೆಟ್ಟಿನ ಸುತ್ತ ಮಲ್ಲಿಗೆ ದಂಡೆ ಬರೆದುಕೊಡಿ ಎಂದು ಕೇಳಿದ್ದರಂತೆ. ನಾದಿನಿ ಹದಿನೈದು ದಿನ ಕೂತು ಬರೆದಳು. ಕಡು ಹಸಿರಿನ ಮೇಲೆ ಬಿಳಿ ಮಲ್ಲಿಗೆ, ನಡುನಡುವೆ ಬಾಳೆನಾರಿನ ಗಂಟು ಸಹಿತ. ಮೂಸಿ ನೋಡೋಣ ಎನ್ನಿಸುವಂತಿತ್ತು. ಹಿಂದಿನ ಸಂಜೆ ಅದರ ಮೇಲೆ ಮೆರುಗು ಹೊಡೆದು, “ಎರಡು ದಿನ ಯಾರೂ ಮುಟ್ಟಬಾರ್ದು ಅತ್ತಿಗೆ,” ಎಂದಿದ್ದಳು. ನಾನು ಹೂಂ ಎಂದಿದ್ದೆ.

ಬೆಳಿಗ್ಗೆ ಪೂಜೆಗೆ ಸ್ಕೂಟರು, ಹೊಲಿಗೆ ಮೆಷಿನ್ನು, ಈಳಿಗೆಮಣೆ, ಇಕ್ಕಳ, ಅವಳ ಕುಂಚಗಳು, ಎಲ್ಲವನ್ನೂ ಸಾಲಾಗಿ ಇಟ್ಟು ಅರಿಸಿನ ಕುಂಕುಮ ಹಚ್ಚಿದೆ. ಎಲ್ಲಕ್ಕೂ ಆಯಿತು, ಇಷ್ಟು ಮುಖ್ಯವಾದ ಒಂದಕ್ಕೇ ಆಗಲಿಲ್ಲವಲ್ಲ ಎಂದು ಮನಸ್ಸು ಚುಚ್ಚಿತು. ಅವಳು ಸ್ನಾನಕ್ಕೆ ಹೋಗಿದ್ದಾಗ ತಟ್ಟೆ ಹಿಡಿದು ತಾರಸಿಗೆ ಹೋದೆ. ಹೆಲ್ಮೆಟ್ಟು ಬಿಂದಿಗೆಯ ಮೇಲಿತ್ತು. ಬೆಟ್ಟದ ಕಡೆ ತಿರುಗಿ ಕೈಮುಗಿದು, ಅದರ ಹಣೆಗೆ ನೀರಿನಲ್ಲಿ ಕಲಸಿದ ಕುಂಕುಮದ ಮೂರು ಬೊಟ್ಟಿಟ್ಟೆ. ಬೆರಳು ಒಂಚೂರು ಅಂಟಿದ ಹಾಗಾಯಿತು. ಪೂಜೆ ಮಾಡುವುದು ಬೇರೆ, ಮುಟ್ಟುವುದು ಬೇರೆ ಎಂದು ನನ್ನ ಬುದ್ಧಿ ಹೇಳಿತು. ಈಗ ಈ ಕಥೆ ಬರೆಯುವಾಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

“ಅತ್ತಿಗೇ! ಇದುನ್ನ ಯಾರು ಮುಟ್ಟಿದ್ದು?”

ತಾರಸಿಯಿಂದ ನಾದಿನಿಯ ಕೂಗು ಕೇಳಿ, ಹೂರಣದ ಕೈ ತೊಳೆಯದೆ ಓಡಿದೆ. ಬೊಟ್ಟುಗಳು ಬಿಸಿಲಿಗೆ ಇಳಿದು, ಮೂರು ಕೆಂಪು ಗೆರೆಗಳಾಗಿ ಮಲ್ಲಿಗೆಯ ಮೇಲೆ ಹರಿದಿದ್ದವು.

“ಮುಟ್ಟಿಲ್ಲ ಕಣೇ. ಪೂಜೆ ಮಾಡ್ದೆ.”

“ಪೂಜೆ ಮಾಡಿದ್ರಾ! ಹಸಿ ಮೆರುಗಿನ ಮೇಲೆ ಕುಂಕುಮ ಇಟ್ಬುಟ್ರಾ!”

ಗಾಬರಿಯಲ್ಲಿ ಸೆರಗಿನ ತುದಿಯಿಂದ ಒರೆಸಿಬಿಟ್ಟೆ. ಗೆರೆಯಾಗಿದ್ದದ್ದು ಅಂಗೈಯಗಲ ಹರಡಿತು.

“ಕೈ ತೆಗೀರಿ ಅತ್ತಿಗೆ, ದಮ್ಮಯ್ಯ!”

“ಥಿನ್ನರ್ ಹಾಕಿ ಒರ್ಸಿದ್ರೆ ಹೋಗಲ್ವೇನೆ?”

“ಥಿನ್ನರ್ ಬಿದ್ರೆ ಹೆಲ್ಮೆಟ್ಟೇ ಹಾಳಾಗತ್ತೆ. ಅವ್ರು ಬಿದ್ದ ದಿನ ಅದು ತಲೆ ಕಾಯಲ್ಲ. ಉಪ್ಪುಕಾಗದ ಹಾಕಿ ಉಜ್ಜಿ ಮೊದಲಿಂದ ಬರೀಬೇಕು.”

ನನಗೆ ತೋಚಿದ್ದನ್ನು ಹೇಳಿದೆ. “ಹಂಗಾದ್ರೆ ಕೆಂಪಾಗಿರೋ ಹೂವನ್ನೆಲ್ಲ ಕನಕಾಂಬರ ಮಾಡ್ಬುಡು. ಮಲ್ಲಿಗೆ ಮಧ್ಯೆ ಕನಕಾಂಬರ ಕಟ್ಟಲ್ವಾ ನಾವು?”

“ಅವ್ರು ಕೇಳಿದ್ದು ಬರೀ ಮಲ್ಲಿಗೆ.”

“ಯಾರಿಗೆ ಗೊತ್ತಾಗತ್ತೆ?”

“ನಂಗೊತ್ತಾಗತ್ತೆ.”

ಕೆಳಗಿನಿಂದ ನಮ್ಮ ಮನೆಯವರ ದನಿ ಬಂತು. “ಏನಂತೆ ಗಲಾಟೆ? ಕುಂಕುಮ ತಾನೆ? ದೇವಿ ಪ್ರಸಾದ ಅಂತ ಹಂಗೇ ಕೊಟ್ಬುಡಿ. ಮಂಗಳಾರತಿ ತಟ್ಟೇನೂ ಹಿಡೀರಿ ಮುಂದೆ.”

“ನೀವು ಸುಮ್ನಿರಿ,” ಎಂದು ನಾವಿಬ್ಬರೂ ಒಟ್ಟಿಗೇ ಕೂಗಿದೆವು. ಆ ದಿನ ಅವಳಿಗೂ ನನಗೂ ಒಮ್ಮತ ಬಂದದ್ದು ಅದೊಂದರಲ್ಲೇ.

ಮೂರೂವರೆಗೆ ಅವಳು ಹೆಲ್ಮೆಟ್ಟನ್ನು ಅಗಲವಾದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೊರಟಳು. ತಪ್ಪು ನನ್ನದು, ನಾನೂ ಬರುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತೆ. ದಾರಿಯಲ್ಲಿ ಅವಳು ನಾಲ್ಕು ಮಾತು ಬೈದಿದ್ದರೆ ಹಗುರವಾಗುತ್ತಿತ್ತು.

ಅಂಗಡಿ ಸಣ್ಣದು. ಕಿಟಕಿ ಪಕ್ಕ ಆ ಮೇಜು ಖಾಲಿಯಾಗಿತ್ತು. ಯಾರೋ ಒರೆಸಿ, ಒಂದು ಕುರ್ಚಿಯನ್ನೂ ಎಳೆದಿಟ್ಟಿದ್ದರು. ನರ್ಸಮ್ಮ ಆಗಲೇ ಬಂದು ಕೂತಿದ್ದರು. ನಾದಿನಿ ಪೆಟ್ಟಿಗೆ ತೆರೆಯುವ ಮೊದಲೇ ನಾನು ಬಾಯಿ ಬಿಟ್ಟೆ.

“ನೋಡಮ್ಮ, ಇವಳು ಚೆನ್ನಾಗೇ ಬರೆದಿದ್ಲು. ನಾನು ಪೂಜೆ ಮಾಡಕ್ಹೋಗಿ ಕೆಡಿಸ್ಬುಟ್ಟೆ.”

ಅವರು ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೆಡದೆ ಉಳಿದ ಹೂಗಳ ಹತ್ತಿರ ಬೆರಳು ಒಯ್ದು ಮುಟ್ಟದೆ ನಿಲ್ಲಿಸಿದರು. ಅಷ್ಟು ಬುದ್ಧಿ ನನಗೆ ಬೆಳಿಗ್ಗೆ ಇರಲಿಲ್ಲ.

“ತುಂಬ ಚೆನ್ನಾಗಿದೆ ಅಕ್ಕ. ಆದ್ರೆ ಇದನ್ನ ಹಾಕ್ಕೊಂಡು ಡ್ಯೂಟಿಗೆ ಹೆಂಗೆ ಹೋಗ್ಲಿ? ಗೇಟಲ್ಲೇ ನನ್ನನ್ನ ಸ್ಟ್ರೆಚರ್ ಮೇಲೆ ಮಲಗಿಸ್ಬಿಡ್ತಾರೆ.”

ಆಗಷ್ಟೇ ನನಗೆ ಕಂಡಿತು. ನಾನು ಕುಂಕುಮ ನೋಡುತ್ತಿದ್ದೆ. ಅವರೆಲ್ಲ ನೋಡುತ್ತಿದ್ದದ್ದು ರಕ್ತ.

ಯಜಮಾನರು ನಗಲಿಲ್ಲ. “ಅದೇ ಕಣಮ್ಮ. ಹೆಲ್ಮೆಟ್ ಅಂಗ್ಡೀಲಿ ಇಂಥದ್ದು ಗಿರಾಕಿ ಕಣ್ಣಿಗೆ ಬಿದ್ರೆ ಹೆಂಗೆ? ಆಕ್ಸಿಡೆಂಟ್ ಆಗಿರೋ ಮಾಲು ಅನ್ಕೋತಾರೆ. ಪೆಟ್ಟಿಗೇಲಿಡಿ ಮೊದ್ಲು.”

“ಮತ್ತೆ ಬರ್ಕೊಡ್ತೀನಿ ಸಾರ್,” ಎಂದಳು ನಾದಿನಿ. “ಹದಿನೈದು ದಿನ ಕೊಡಿ.”

“ಬರ್ಕೊಡಿ. ನಿಮ್ಮ ಕೈ ಬಗ್ಗೆ ಎರಡು ಮಾತಿಲ್ಲ. ಆದ್ರೆ ಮೇಜಿನ ವಿಷ್ಯ ಈಗ ಬೇಡ. ಮನೆಯವ್ರಿಂದಲೇ ಕಾಪಾಡ್ಕೊಳಕ್ಕಾಗ್ಲಿಲ್ಲ ಅಂದ್ರೆ, ಇಲ್ಲಿ ದಿನಕ್ಕೆ ನೂರು ಜನ ಬಂದು ಮುಟ್ತಾರೆ. ಆ ಜಾಗದಲ್ಲಿ ಸ್ಟಿಕ್ಕರ್ ಕತ್ತರಿಸೋ ಮೆಷಿನ್ ಇಡ್ತೀನಿ ಅಂತ ನನ್ನ ತಮ್ಮ ಬೇರೆ ಕೇಳ್ತಾ ಇದ್ದಾನೆ.”

ನಾನು ಏನೋ ಹೇಳಲು ಹೋದೆ. ನಾದಿನಿ ನನ್ನ ಮೊಣಕೈ ಹಿಡಿದಳು. ನರ್ಸಮ್ಮ ಎದ್ದು, “ನಾನು ಕಾಯ್ತೀನಿ. ಬರೀ ಮಲ್ಲಿಗೇನೇ ಬೇಕು, ಇದೇ ಥರ,” ಎಂದರು. ಅದೊಂದು ಮಾತನ್ನು ನಾನು ಗಂಟು ಕಟ್ಟಿಕೊಂಡು ತಂದೆ. ಗಿರಾಕಿ ಕೈಬಿಡಲಿಲ್ಲ. ಅಂಗಡಿಯಲ್ಲಿ ಅವಳು ಅಳಲಿಲ್ಲ. ನನ್ನನ್ನು ಹೊರಗಿನವರ ಮುಂದೆ ಬಿಟ್ಟುಕೊಡಲಿಲ್ಲ. ಸಮಾಧಾನಕ್ಕೆ ಇವು ಮೂರು. ಇಷ್ಟಾದರೂ ಉಳಿಸಿದಳಲ್ಲ ತಾಯಿ ಎಂದು ಎಣಿಸಿಕೊಂಡರೂ ಆ ಒರೆಸಿಟ್ಟ ಮೇಜು ಕಣ್ಣಿನಿಂದ ಹೋಗಲಿಲ್ಲ.

ಮನೆಯ ಗೇಟಿನ ಹತ್ತಿರ ಸ್ಕೂಟರು ನಿಲ್ಲಿಸಿದ ಮೇಲೆ ಅವಳು ಮಾತಾಡಿದಳು.

“ಅತ್ತಿಗೆ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ನನ್ನ ಸಾಮಾನಿಗೆ ಪೂಜೆ ಬೇಡ.”

ಮೈ ಉರಿದುಹೋಯಿತು. “ನನ್ನ ಕೈಲಿ ಆಗಲ್ಲ ಕಣೇ. ಎಲ್ಲದಕ್ಕೂ ಮಾಡಿ ನಿನ್ನದೊಂದನ್ನ ಹೆಂಗೆ ಬಿಡ್ಲಿ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ಇದಕ್ಕಿಂತ ಇನ್ನೇನಾಗ್ಬೇಕು?”

ಪೆಟ್ಟಿಗೆ ಹಿಡಿದುಕೊಂಡೇ ಸ್ಕೂಟರಿನಿಂದ ಇಳಿದು, “ದೂರದಿಂದ ಆರತಿ ಎತ್ತಲಾ? ಮುಟ್ಟಲ್ಲ,” ಎಂದೆ.

“ಎಷ್ಟು ದೂರ?”

“ಬಾಗಿಲ ಹತ್ರದಿಂದ.”

“ಮೆಟ್ಟಿಲಿಂದ,” ಎಂದಳು. ನಗಲಿಲ್ಲ. ಪೆಟ್ಟಿಗೆ ತೆಗೆದುಕೊಂಡು ನೇರ ತಾರಸಿಗೆ ಹೋದಳು. ಸ್ವಲ್ಪ ಹೊತ್ತಿಗೆ ಉಪ್ಪುಕಾಗದ ಉಜ್ಜುವ ಕರಕರ ಸದ್ದು ಶುರುವಾಯಿತು. ಹದಿನೈದು ದಿನದ ಹೂ ಪುಡಿಯಾಗಿ ಉದುರುತ್ತಿತ್ತು. ಬಿಂದಿಗೆ ಬೇಕು ಎಂದು ಕೇಳುವ ಬಾಯಿ ನನಗಿನ್ನು ಎಷ್ಟು ದಿನ ಇರುವುದಿಲ್ಲವೋ.

ಎದುರುಮನೆಯವರು ಕಾರಿಗೆ ಪೂಜೆ ಮಾಡಿ ಬೂದುಗುಂಬಳ ಒಡೆದು, ಹಾಗೇ ಒಳಗೆ ಹೋಗಿದ್ದರು. ರಸ್ತೆಯ ಮಧ್ಯೆ ಹೋಳುಗಳು ಲೋಳೆಲೋಳೆಯಾಗಿ ಬಿದ್ದಿದ್ದವು. ಗಾಡಿಯವರು ಯಾರಾದರೂ ಜಾರಿ ಬಿದ್ದಾರೆಂದು ಸೆರಗು ಸಿಕ್ಕಿಸಿ, ಬಕೆಟ್ಟು ಪೊರಕೆ ತಂದು ಗುಡಿಸಲು ನಿಂತೆ.